ಧರ್ಮಾಂಬುಧಿಯ ಮಗ್ಗುಲಲ್ಲಿ ಒಂದು ಭೂಗರ್ಭ ನಿಲ್ದಾಣ

ಬೆಂಗಳೂರಿನ ಪೇಟೆಯ ಜನಕ್ಕೆ ಒಂದು ಕಾಲದಲ್ಲಿ ಕುಡಿಯುವ ನೀರನ್ನೊದಗಿಸುತ್ತಿದ್ದ, ಕೆಂಪೇಗೌಡರ ಕಾಲದ್ದೆಂದು ಪ್ರತೀತಿಯುಳ್ಳ ಧರ್ಮಾಂಬುಧಿ ಕೆರೆಯು, ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಹೆಸರಘಟ್ಟದ ನಲ್ಲಿನೀರು ನಗರವನ್ನು ಮುಟ್ಟಿದ ಬಳಿಕ ಉಪೇಕ್ಷೆಗೆ ಪಾತ್ರವಾಗಿ, ಕ್ರಮೇಣ ಬತ್ತಿ ಬಯಲಾಗಿ, ಕಡೆಗೆ ನಾಡಿನ ಮೂಲೆಮೂಲೆಗಳಿಂದ ಬರುವ ಬಸ್ಸುಗಳ ತಂಗುದಾಣವಾಯಿತು. ಆ ತಂಗುದಾಣದ ಮಗ್ಗುಲಲ್ಲಿಯೇ, ಕೆರೆ ಕಟ್ಟಿಸಿದವನ ಹೆಸರನ್ನು ಹೊತ್ತು, ನಾಡಪ್ರಭು ಕೆಂಪೇಗೌಡ ಮೆಟ್ರೊ ನಿಲ್ದಾಣವು ನೆಲದೊಳಕ್ಕೆ ಇಳಿದಿದೆ. ಬಸ್ ತಂಗುದಾಣವನ್ನು ಕರೆಯುವಂತೆ ಜನ ಇದನ್ನೂ ಮೆಜೆಸ್ಟಿಕ್ ಎಂದೇ ಕರೆಯುತ್ತಾರೆ.

ಲಂಡನ್ನಿನಲ್ಲಿ 1863ರಲ್ಲಿಯೂ ಕಲ್ಕತ್ತೆಯಲ್ಲಿ 1984ರಲ್ಲಿಯೂ ಆರಂಭವಾದ ಭೂಗರ್ಭ ರೈಲಿನ ವಿದ್ಯೆ ನಮ್ಮಲ್ಲಿಗೆ ಬಂದುದು ತಡವಾಗಿ. 2006ರ ಜೂನ್ 24ರಂದು ಶಂಕುಸ್ಥಾಪನೆಯಾದ ನಮ್ಮ ಮೆಟ್ರೊ, 2011ರಲ್ಲಿ ಮೊದಲು ಕಂಬಗಳ ಮೇಲೆ ಓಡಿತು. ಕಬ್ಬನ್ ಉದ್ಯಾನದಿಂದ ಪಶ್ಚಿಮಕ್ಕೆ ಸಾಗುವ ಸುರಂಗಮಾರ್ಗ ತೆರೆದುದು 2016ರ ಏಪ್ರಿಲ್ 29ರಂದು, ಚಿಕ್ಕಪೇಟೆಯ ಅಡಿಯ ಮಾರ್ಗ 2017ರ ಜೂನ್‌ನಲ್ಲಿ. ಮೊದಲ ಹಂತದ 42.3 ಕಿಲೋಮೀಟರುಗಳಲ್ಲಿ, 40 ನಿಲ್ದಾಣಗಳ ಪೈಕಿ, ಭೂಗರ್ಭದವು ಏಳು ಮಾತ್ರ. ವಿಧಾನಸೌಧದ ಎದುರಿನಲ್ಲಾಗಲಿ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಾಗಲಿ ಕಂಬ ನೆಡುವುದು ವಿಹಿತವಲ್ಲವಾದುದರಿಂದ ಅಲ್ಲಿ ಪಾತಾಳಮಾರ್ಗವೇ ಗತಿಯಾಯಿತು.

ಆ ಗತಿ ಸುಲಭದ್ದಾಗಿರಲಿಲ್ಲ. ಲಾಲ್‌ಬಾಗಿನ ಬಂಡೆಯಲ್ಲಿ ತಲೆಯೆತ್ತಿ ನಿಂತಿರುವ, ಮುನ್ನೂರು ಕೋಟಿ ವರ್ಷಗಳಷ್ಟು ಪುರಾತನವಾದ ಶಿಲೆಯೇ ನಗರದ ಅಡಿಗೂ ಹಾಸಿದೆ. ಆದರೆ ಅದು ಏಕರೂಪವಾಗಿಲ್ಲದೆ, ಒಂದೆಡೆ ಶಿಥಿಲವಾಗಿ ಮಣ್ಣಾಗಿದ್ದು, ಅದರ ಪಕ್ಕದಲ್ಲೇ ವಜ್ರಕಠಿನ ಗುಂಡುಗಳನ್ನು ಹುದುಗಿಸಿಕೊಂಡಿರುತ್ತದೆ. ಬರಿಯ ಬಂಡೆಯಾದರೆ ಯಂತ್ರ ಕೊರೆಯುತ್ತದೆ, ಬರಿಯ ಮಣ್ಣಾದರೆ ಸರಾಗವಾಗಿ ಸರಿಯುತ್ತದೆ. ಎರಡೂ ಒಂದೇ ಮುಖದಲ್ಲಿ ಎದುರಾದಾಗ ಕೊರೆಯುವ ಹಲ್ಲುಗಳು ಮುರಿಯುತ್ತವೆ, ಮೇಲಣ ಮಣ್ಣು ಕುಸಿಯಲು ಹವಣಿಸುತ್ತದೆ. ಹೆಲೆನ್, ಮಾರ್ಗರೀಟಾ ಎಂಬ ಹೆಸರಿನ ಯಂತ್ರಗಳು ಈ ನೆಲವನ್ನು ಭೇದಿಸಿದುವು. ಚಿಕ್ಕಪೇಟೆ ಮೆಜೆಸ್ಟಿಕ್‌ಗಳ ನಡುವೆ ಗೋದಾವರಿ ಎಂಬ ಯಂತ್ರ ಪಟ್ಟ ಪಾಡನ್ನಂತೂ ಪತ್ರಿಕೆ ಓದುವ ನಾಗರಿಕರೆಲ್ಲ ಅಂದು ಆತಂಕದಿಂದ ಗಮನಿಸುತ್ತಿದ್ದರು.

ಸುರಂಗವನ್ನು ಯಂತ್ರ ಕೊರೆದರೆ, ನಿಲ್ದಾಣವನ್ನು ಮೇಲಿನಿಂದ ಅಗೆದು, ಕಟ್ಟಿ, ಮತ್ತೆ ಮುಚ್ಚಬೇಕು. ಹೀಗೆ ಹುಗಿದ ಕಾಂಕ್ರೀಟಿನ ಪೆಟ್ಟಿಗೆಗೆ ಮೇಲಿನ ಭಾರಕ್ಕಿಂತಲೂ ಸೂಕ್ಷ್ಮವಾದ ವೈರಿ ಅಡಿಯ ನೀರು: ಅಂತರ್ಜಲವು ಪೆಟ್ಟಿಗೆಯನ್ನು ದೋಣಿಯಂತೆ ಮೇಲಕ್ಕೆತ್ತಲು ನೋಡುವುದರಿಂದ, ಅದು ತನ್ನ ತೂಕದಿಂದಲೇ ಅಲುಗದೆ ಕುಳಿತಿರಬೇಕು, ಗೋಡೆ ಜಿನುಗದಿರಬೇಕು. ಗಾಳಿಯದು ಇನ್ನೊಂದು ಚಿಂತೆ. ರೈಲು ಇಕ್ಕಟ್ಟಾದ ಸುರಂಗದಲ್ಲಿ ತನ್ನ ಮುಂದಿನ ಗಾಳಿಯನ್ನು ದಬ್ಬಿಕೊಂಡೇ ಬರುತ್ತದೆಯಾದರೂ, ಬೆಂಕಿಯ ಅಪಾಯ ಒದಗಿದಲ್ಲಿ ಹೊಗೆಯನ್ನು ಜನರಿಂದ ದೂರಕ್ಕೆ ಸೆಳೆಯುವ ಬೃಹತ್ ಪಂಖಗಳು ಸದಾ ಸಿದ್ಧವಾಗಿರಬೇಕು. ಟಿಕೆಟ್ಟಿನ ಅಂಗಳದ ಅಡಿಗೆ ಪೂರ್ವ-ಪಶ್ಚಿಮದ ನೇರಳೆ ಮಾರ್ಗ, ಅದರ ಅಡಿಗೆ ಉತ್ತರ-ದಕ್ಷಿಣದ ಹಸುರು ಮಾರ್ಗ, ಹೀಗೆ ಮೂರು ಅಂತಸ್ತುಗಳಲ್ಲಿ ಮೆಜೆಸ್ಟಿಕ್ ರಚಿತವಾಗಿದೆ. ದಿಕ್ಕು ಬದಲಿಸುವ ಯಾತ್ರಿಕನು ಬೀದಿಗೆ ಏರದೆ ಒಳಗೊಳಗೇ ಇಳಿದು ಇನ್ನೊಂದು ರೈಲನ್ನು ಹಿಡಿಯಬಹುದೆಂಬುದೇ ಈ ರಚನೆಯ ನಿಜವಾದ ಸೌಂದರ್ಯವೆಂದು ನಾನು ಬಗೆಯುತ್ತೇನೆ. ಹೊಳೆಯುವ ಗೋಡೆಗಳಿಗೆ ಎರಡನೆಯ ಸ್ಥಾನ.

ನೆರೆಯ ಆಂಧ್ರದಲ್ಲಿಯೂ ಮೆಟ್ರೊ ಕಟ್ಟುವ ವಿಷಯ ಚರ್ಚೆಯಲ್ಲಿದೆ. ವಿಶಾಖಪಟ್ಟಣಕ್ಕೂ ವಿಜಯವಾಡ, ಗುಂಟೂರು, ತೆನಾಲಿಗಳಿಗೂ ಮೆಟ್ರೊದ ಪ್ರಸ್ತಾಪ 2014ರ ಪುನರ್ವಿಂಗಡಣೆಯ ಕಾಯಿದೆಯಲ್ಲಿಯೇ ಇತ್ತು, ವಿಶಾಖಪಟ್ಟಣಕ್ಕೆ 46.23, ವಿಜಯವಾಡಕ್ಕೆ 38.4 ಕಿಲೋಮೀಟರುಗಳ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಅವು ಕಂಬಗಳ ಮೇಲೆ ಸಾಗುವಂತೆ ಯೋಜಿತವಾದವು. ಗನ್ನವರದಿಂದಲೂ ಪೆನಮಲೂರಿನಿಂದಲೂ ಹೊರಡುವ ವಿಜಯವಾಡದ ಎರಡು ಮಾರ್ಗಗಳು ಕೂಡಬೇಕಾದುದು, ಕೃಷ್ಣೆಗೆ ಸಮೀಪದ ಪಂಡಿತ ನೆಹರೂ ಬಸ್ ನಿಲ್ದಾಣದಲ್ಲಿ. ಮಾರ್ಗಗಳು ಕಂಬಗಳ ಮೇಲಿನವಾದರೂ, ಬಸ್ಸು ಮೆಟ್ರೊಗಳೆರಡೂ ಒಂದೆಡೆ ಸೇರುವ ಅಂಥ ಸ್ಥಳಕ್ಕೆ ಮೆಜೆಸ್ಟಿಕ್‌ಗಿಂತ ಹತ್ತಿರದ ಮಾದರಿ ನನಗೆ ತೋರದು. ಅಲ್ಲಿಯ ಯೋಜಕರು ಕಾಗದದ ಮೇಲೆ ಮೆಟ್ಟಿಲುಗಳ ಅಗಲವನ್ನು ನಿಶ್ಚಯಿಸುವ ಮುನ್ನ, ಕಚೇರಿಗಳು ಬಿಡುವ ಸಂಜೆಯ ಹೊತ್ತಿನಲ್ಲಿ ಇಲ್ಲಿಗೆ ಬಂದು, ನೇರಳೆಯಿಂದ ಹಸುರಿಗೆ ಇಳಿಯುವ ಜನಪ್ರವಾಹದ ನಡುವೆ ತಾವೂ ಒಮ್ಮೆ ಇಳಿದು ನೋಡಬೇಕು.