ಕಾಲೇಜಿನ ಬಾಗಿಲು ಮತ್ತು ದಾನದ ದಾರಿ

ಉಚ್ಚ ಶಿಕ್ಷಣವು ಕೆಲವು ಮನೆತನಗಳ ಸ್ವತ್ತಾಗಿ ಉಳಿಯತಕ್ಕದ್ದಲ್ಲವೆಂಬ ಮಾತನ್ನು ಇಂದು ಬಹಿರಂಗವಾಗಿ ಅಲ್ಲಗಳೆಯುವವರು ಯಾರೂ ಇಲ್ಲ. ಸಭೆಗಳಲ್ಲಿ ಈ ಮಾತಿಗೆ ಚಪ್ಪಾಳೆಯೂ ಸಲ್ಲುತ್ತದೆ. ಆದರೆ ಒಪ್ಪಿದ ಮಾತನ್ನು ನಡೆಸಿಕೊಡುವ ಹೊಣೆ ಯಾರದು, ಅದಕ್ಕೆ ಬೇಕಾದ ಹಣವನ್ನು ಯಾವ ರೀತಿಯಲ್ಲಿ ಕೊಡಬೇಕು, ಎಷ್ಟು ಕಾಲ ಕೊಡಬೇಕು ಎಂಬ ಪ್ರಶ್ನೆಗಳು ಬಂದಾಗ ಚಪ್ಪಾಳೆಯ ಸದ್ದು ಅಡಗುತ್ತದೆ. ಈ ಪ್ರಶ್ನೆಗಳನ್ನೇ ವಾಚಕರ ಮುಂದಿಡಬೇಕೆಂದು ನಾವು ಬಯಸುತ್ತೇವೆ.

ದೂರದ ಉದಾಹರಣೆ ನಮಗೆ ಬೇಕಾಗಿಲ್ಲ. ಬೆಂಗಳೂರಿನ ದಕ್ಷಿಣಕ್ಕೆ ಕನಕಪುರದ ರಸ್ತೆಯ ಮೇಲಿರುವ ತಲಘಟ್ಟಪುರವನ್ನು ನೋಡೋಣ. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಹಳ್ಳಿಯಾಗಿದ್ದ ಈ ಊರು ಇಂದು ನಗರದ ಅಂಗವಾಗಿದೆ. 2021ರ ಜನವರಿಯಲ್ಲಿ ಮೆಟ್ರೋ ರೈಲಿನ ಹಸಿರು ಮಾರ್ಗವು ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿದಾಗ ತಲಘಟ್ಟಪುರಕ್ಕೂ ಒಂದು ನಿಲ್ದಾಣ ದೊರೆಯಿತು. ಅಲ್ಲಿ ಉತ್ತರಾಭಿಮುಖವಾಗಿ ಗಾಡಿಯನ್ನೇರಿದವನಿಗೆ ಹನ್ನೊಂದನೆಯ ನಿಲ್ದಾಣವಾಗಿ ಸಿಕ್ಕುವುದು ನ್ಯಾಷನಲ್ ಕಾಲೇಜು. ನಿಲ್ದಾಣದ ಹೆಸರೇ ಕಾಲೇಜಿನದು. ಸಮೀಪದ ರಘುವನಹಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜೊಂದು ಇದೆ. ಜಯನಗರ, ಬನಶಂಕರಿ, ಬಸವನಗುಡಿಗಳ ಕಾಲೇಜುಗಳು ಗಂಟೆಯೊಳಗಿನ ದಾರಿ. ಹೀಗಿರಲು ಈ ಸೀಮೆಯ ಹುಡುಗ ಹುಡುಗಿಯರಿಗೆ ಕಾಲೇಜು ದೂರವೆಂದು ಹೇಳುವುದು ಹೇಗೆ? ಮೈಲಿಯ ಲೆಕ್ಕದಲ್ಲಿ ದೂರವಲ್ಲ, ನಿಜ. ಆದರೆ ಜಮೀನು ಬಡಾವಣೆಯಾಗಿ ಹೋದ ಸಣ್ಣ ರೈತನ ಮನೆಗೂ, ಆ ಬಡಾವಣೆಯ ಕಟ್ಟಡಗಳಲ್ಲಿ ಗಾರೆ ಹೊರಲು ಬಂದ ಕೂಲಿಯ ಮನೆಗೂ, ಅಲ್ಲಿನ ಮನೆಗಳಲ್ಲಿ ಪಾತ್ರೆ ತೊಳೆಯುವ ತಾಯಿಯ ಮನೆಗೂ ಕಾಲೇಜಿನ ಬಾಗಿಲು ಬೇರೆ ಬಗೆಯಲ್ಲಿ ದೂರವಾಗಿದೆ.

ಕೇಂದ್ರ ಸರ್ಕಾರದವರು ಪ್ರಕಟಿಸಿದ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ಭಾರತದಲ್ಲಿ ಕಾಲೇಜು ವಯಸ್ಸಿನ ಜನಸಂಖ್ಯೆಗೆ ಉನ್ನತ ಶಿಕ್ಷಣದಲ್ಲಿರುವವರ ಪ್ರಮಾಣ ಶೇಕಡ 28.4. ಕರ್ನಾಟಕದ ಪ್ರಮಾಣ ದೇಶದ ಸರಾಸರಿಗಿಂತ ಮೇಲಿದೆಯೆಂಬುದು ಸಮಾಧಾನದ ಸಂಗತಿ. ಆದರೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2035ಕ್ಕೆ ಇಟ್ಟುಕೊಂಡ ಶೇಕಡ 50ರ ಗುರಿ ನಮಗೂ ದೂರದ ಗುರಿಯೇ. ಸರಾಸರಿಯ ಅಂಕಿ ಯಾವ ಮನೆಯ ಮಗು ಒಳಗೆ ಹೋಯಿತು, ಯಾವ ಮನೆಯ ಮಗು ಹೊರಗೆ ಉಳಿಯಿತು ಎಂಬುದನ್ನು ಹೇಳುವುದೂ ಇಲ್ಲ.

ಹಿಂದಿನವರ ಮೇಲ್ಪಂಕ್ತಿ

ಬಡ ವಿದ್ಯಾರ್ಥಿಗೆ ಸಮಾಜವು ಕೈಗೊಟ್ಟು ನಡೆಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ವಾರಾನ್ನವೆಂಬ ಮಾತು ನಮ್ಮ ಹಿರಿಯರಲ್ಲಿ ಅನೇಕರಿಗೆ ಅನುಭವದಿಂದ ಪರಿಚಿತವಾಗಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳ ಊಟದಿಂದ ಒಬ್ಬ ಹುಡುಗ ಓದಿ ಮುಂದೆ ಬರುತ್ತಿದ್ದನು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡರು. 1881ರಲ್ಲಿ ಪದವಿ ಪಡೆದರು. ಅದೇ ವಿದ್ಯಾರ್ಥಿ ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಒಂದು ಮನೆಯ ಆಶ್ರಯದಿಂದ ನಾಡು ಎಷ್ಟು ಬಡ್ಡಿಯನ್ನು ಪಡೆಯಿತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೆ?

ವಾರಾನ್ನದ ಔದಾರ್ಯವು ಮುಂದೆ ಸಂಸ್ಥೆಗಳ ರೂಪವನ್ನು ತಾಳಿತು. ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಕಟ್ಟಿಸಿದ ಛತ್ರವು 1903ರಲ್ಲಿ ತೆರೆಯಿತು. ಅವರ ಧರ್ಮಸಂಸ್ಥೆಯು ಪ್ರಯಾಣಿಕರಿಗೆ ಮಾತ್ರವಲ್ಲದೆ ವಿದ್ಯಾರ್ಥಿಗಳಿಗೂ ನೆರಳಾಯಿತು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. 1933ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸೊಸೈಟಿಯವರು ಆರಂಭಿಸಿದ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರು ಸ್ವಜನರ ವಿರೋಧವನ್ನು ಲೆಕ್ಕಿಸದೆ ದಲಿತ ಬಾಲಕರ ವಿದ್ಯಾರ್ಥಿನಿಲಯಕ್ಕಾಗಿ ದುಡಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು, 2019ರಲ್ಲಿ ಲಿಂಗೈಕ್ಯರಾಗುವವರೆಗೂ, ಸಹಸ್ರಾರು ಮಕ್ಕಳಿಗೆ ಜಾತಿಮತಗಳನ್ನು ಕೇಳದೆ ಅನ್ನವನ್ನೂ ವಸತಿಯನ್ನೂ ವಿದ್ಯೆಯನ್ನೂ ಒದಗಿಸಿದರು.

ಮೇಲೆ ಹೇಳಿದ ನ್ಯಾಷನಲ್ ಕಾಲೇಜಿನ ಚರಿತ್ರೆಯೇ ಈ ವಿಷಯಕ್ಕೆ ಭಾಷ್ಯದಂತಿದೆ. ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದರು. 1935ರಲ್ಲಿ, ಬಂಡಿಗೂ ಕಾಸಿಲ್ಲದೆ, ಊರಿನಿಂದ ಬೆಂಗಳೂರಿಗೆ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಅವರನ್ನು ಬಲ್ಲ ಉಪಾಧ್ಯಾಯರ ಕೃಪೆಯೂ ಬಡ ವಿದ್ಯಾರ್ಥಿಗಳ ನಿಲಯದ ಅನ್ನವೂ ಅವರನ್ನು ಕಾಪಾಡಿದವು. ಮುಂದೆ ಅವರು ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಆದರೂ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಾಳಿದರು. ತಮಗೆ ಬಾಗಿಲು ತೆರೆದುಕೊಟ್ಟದ್ದು ಯಾವುದೆಂಬುದನ್ನು ಅವರು ಮರೆಯಲಿಲ್ಲ.

ಈ ಉದಾಹರಣೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಶಗಳು ಮೂರು. ನೆರವು ಒಂದು ದಿನದ್ದಾಗಿರಲಿಲ್ಲ, ಓದು ಮುಗಿಯುವ ತನಕ ನಿಂತಿತು. ಹಣದೊಡನೆ ದಾರಿ ತೋರುವ ಮನುಷ್ಯನೊಬ್ಬನಿದ್ದನು. ಹುಡುಗನ ಹೊಟ್ಟೆಯ ಪ್ರಶ್ನೆಯನ್ನು ಮೊದಲು ಬಗೆಹರಿಸಿ ಆಮೇಲೆ ಪುಸ್ತಕದ ಮಾತನ್ನಾಡಿದರು. ಒಂದು ಕೊರತೆಯನ್ನೂ ಹೇಳಿಬಿಡಬೇಕು. ಅಂದಿನ ವಿದ್ಯಾರ್ಥಿನಿಲಯಗಳಲ್ಲಿ ಬಹುಪಾಲು ತಂತಮ್ಮ ಜಾತಿಯ ಮಕ್ಕಳಿಗಾಗಿ ಎದ್ದವು. ದಾನಿಗಳಿಲ್ಲದ ಜಾತಿಯ ಮಗು ಬೀದಿಯಲ್ಲೇ ಉಳಿಯಿತು. ಆ ಅನ್ಯಾಯವನ್ನು ಸರಿಪಡಿಸಲೆಂದೇ ಸರ್ಕಾರವು ಮುಂದೆ ಬರಬೇಕಾಯಿತು.

ಸರ್ಕಾರದ ಹಣ

ಡಾ. ಅಂಬೇಡ್ಕರರು ವೈಸರಾಯರ ಕಾರ್ಯಾಂಗ ಮಂಡಲಿಯ ಸದಸ್ಯರಾಗಿದ್ದ ಕಾಲದಲ್ಲಿ, 1944ರಲ್ಲಿ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಆರಂಭವಾಯಿತು. 2020ರ ಡಿಸೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಈ ಯೋಜನೆಯ ವೆಚ್ಚವನ್ನು ಕೇಂದ್ರವು ಶೇಕಡ 60, ರಾಜ್ಯಗಳು ಶೇಕಡ 40ರಂತೆ ಹೊರತಕ್ಕದ್ದೆಂದು ಗೊತ್ತುಮಾಡಿ, ಐದು ವರ್ಷಗಳಿಗೆ 59,048 ಕೋಟಿ ರೂಪಾಯಿಗಳನ್ನು ಒಪ್ಪಿತು. ನಮ್ಮ ರಾಜ್ಯದಲ್ಲಿ 2013–14ರಿಂದ ವಿದ್ಯಾಸಿರಿ ಯೋಜನೆಯು ಸರ್ಕಾರಿ ನಿಲಯಗಳಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ವಸತಿಗಳಿಗೆಂದು ತಿಂಗಳಿಗೆ 1,500 ರೂಪಾಯಿಗಳನ್ನು ಕೊಡತೊಡಗಿತು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿತು. ಇವೆಲ್ಲವೂ ಸ್ತುತ್ಯವೇ.

ತೊಡಕು ಇರುವುದು ಬೇರೆ ಕಡೆಯಲ್ಲಿ. ಕಾಲೇಜು ಸೇರುವ ದಿನವೇ ಶುಲ್ಕವನ್ನು ಕಟ್ಟಬೇಕು. ವಿದ್ಯಾರ್ಥಿವೇತನವು ಕೈಸೇರುವುದು ತಿಂಗಳುಗಳ ಮೇಲೆ. ಅದಕ್ಕೆ ಜಾತಿಯ ಪ್ರಮಾಣಪತ್ರ, ಆದಾಯದ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕಿನ ಖಾತೆ, ಗಣಕದಲ್ಲಿ ತುಂಬುವ ಅರ್ಜಿ, ಎಲ್ಲವೂ ಬೇಕು. ಶಾಲೆಯ ದಾಖಲೆಯಲ್ಲಿ ಒಂದು ಕಾಗುಣಿತ, ಆಧಾರಿನಲ್ಲಿ ಇನ್ನೊಂದು ಕಾಗುಣಿತವಾದರೆ ಅರ್ಜಿಯು ಅಲ್ಲಿಯೇ ನಿಲ್ಲುತ್ತದೆ. ಓದು ಬಲ್ಲ ತಂದೆಯಿರುವ ಮನೆಯಲ್ಲಿ ಇದು ಒಂದು ವಾರದ ತೊಂದರೆ. ಕಾಲೇಜಿನ ಮೆಟ್ಟಿಲನ್ನು ಯಾರೂ ತುಳಿಯದ ಮನೆಯಲ್ಲಿ ಇದು ಒಂದು ವರ್ಷದ ನಷ್ಟ. ಆ ವರ್ಷದಲ್ಲಿ ಹುಡುಗನು ಅಂಗಡಿಯ ಕೆಲಸಕ್ಕೆ ಸೇರುತ್ತಾನೆ, ಹುಡುಗಿಗೆ ವರನು ಗೊತ್ತಾಗುತ್ತಾನೆ. ಬೊಕ್ಕಸದಲ್ಲಿ ಹಣವಿದ್ದೂ ಮಗು ಕೈತಪ್ಪಿಹೋಗುವುದು ಹೀಗೆ.

ಕಂಪನಿಗಳ ಧನಸಹಾಯ

ಈ ನಡುಗಾಲದ ಕಂದಕದ ಮೇಲೆ ಸೇತುವೆ ಕಟ್ಟುವ ಕೆಲಸವು ಸ್ಥಳೀಯ ಸೇವಾಸಂಸ್ಥೆಗಳಿಗೆ ಸೇರಿದ್ದು. ಅವಕ್ಕೆ ಹಣವೆಲ್ಲಿಂದ? 2013ರ ಕಂಪನಿ ಕಾಯಿದೆಯ 135ನೆಯ ಪ್ರಕರಣದಂತೆ, ಗೊತ್ತಾದ ಮಿತಿಯನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡ 2ನ್ನು ಲೋಕಹಿತಕ್ಕಾಗಿ ವೆಚ್ಚಮಾಡತಕ್ಕದ್ದು. ಶಿಕ್ಷಣವು ಅದರ ಪಟ್ಟಿಯಲ್ಲಿದೆ. ಇಷ್ಟೊಂದು ದೊಡ್ಡ ಕಂಪನಿಗಳು ನೆಲಸಿರುವ ಬೆಂಗಳೂರಿನಲ್ಲಿ ಧನಾಭಾವವೆಂದು ಹೇಳಿದರೆ ನಂಬುವವರಾರು? ಆದರೆ ಈ ಧನವು ಬಹುಸುಲಭವಾಗಿ ಹರಿಯುವುದು ಗೋಡೆಗೆ, ಬಣ್ಣಕ್ಕೆ, ಗಣಕಯಂತ್ರಗಳಿಗೆ, ಚೀಲ ಪುಸ್ತಕಗಳ ವಿತರಣೆಗೆ. ಅವುಗಳ ಛಾಯಾಚಿತ್ರವನ್ನು ತೆಗೆಯಬಹುದು, ಮೇಲೆ ಹೆಸರನ್ನು ಬರೆಯಬಹುದು. ಹುಡುಗಿಯೊಬ್ಬಳನ್ನು ತಹಶೀಲ್ದಾರರ ಕಚೇರಿಗೆ ಮೂರು ಸಲ ಕರೆದುಕೊಂಡು ಹೋದ ಸೇವಕನ ಸಂಬಳಕ್ಕೆ ಹೆಸರಿನ ಫಲಕವನ್ನು ಎಲ್ಲಿ ತೂಗುಹಾಕುವುದು?

ವರ್ಷಕ್ಕೊಮ್ಮೆ ಲೆಕ್ಕ ಮುಗಿಸಬೇಕಾದ್ದರಿಂದ ದೀರ್ಘಾವಧಿಯ ನೆರವು ಸಾಧ್ಯವಿಲ್ಲವೆಂಬ ವಾದವೂ ಇದೆ. ಇದು ನೆವವೇ ಹೊರತು ಕಾರಣವಲ್ಲ. 2021ರ ತಿದ್ದುಪಡಿಯಾದ ನಿಯಮಗಳಂತೆ ಮುಂದುವರಿಯುವ ಯೋಜನೆಗಳನ್ನು, ಆರಂಭದ ವರ್ಷವನ್ನು ಬಿಟ್ಟು, ಇನ್ನೂ ಮೂರು ವರ್ಷಗಳವರೆಗೆ ನಡೆಸಬಹುದು. ಎರಡನೆಯ ಪಿ.ಯು.ಸಿ.ಯಲ್ಲಿ ಕೈಹಿಡಿದ ವಿದ್ಯಾರ್ಥಿಯನ್ನು ಮೂರು ವರ್ಷಗಳ ಪದವಿಯ ಕೊನೆಗೆ ಮುಟ್ಟಿಸಲು ಅಷ್ಟು ಕಾಲವೇ ಬೇಕು. ಕಾಯಿದೆಯು ಕೊಟ್ಟ ಅವಕಾಶವನ್ನು ಉಪಯೋಗಿಸಲು ಮನಸ್ಸು ಬೇಕು, ಅಷ್ಟೆ.

ಅಮೆರಿಕದವರ ಅನುಭವವು ಇಲ್ಲಿ ಗಮನಾರ್ಹ. 1964ರ ಆರ್ಥಿಕ ಅವಕಾಶ ಕಾಯಿದೆಯಿಂದ ಹುಟ್ಟಿದ ‘ಅಪ್‌ವರ್ಡ್ ಬೌಂಡ್’ ಎಂಬ ಯೋಜನೆಯಲ್ಲಿ ಕೇಂದ್ರದ ಧನವು ಕಾಲೇಜುಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಹೋಗುತ್ತದೆ. ಅವರು ಪ್ರೌಢಶಾಲೆಯ ಮಕ್ಕಳಿಗೆ ಪಾಠವನ್ನೂ, ಕಾಲೇಜಿಗೆ ಅರ್ಜಿ ಹಾಕುವ ಮಾರ್ಗದರ್ಶನವನ್ನೂ ಕೊಡುತ್ತಾರೆ. ಹೀಗೆ ಸೇರುವವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಬಡವರೂ, ತಮ್ಮ ಮನೆಯಿಂದ ಕಾಲೇಜಿಗೆ ಹೋಗುವ ಮೊದಲನೆಯ ತಲೆಮಾರಿನವರೂ ಆಗಿರಬೇಕೆಂದು ಅಲ್ಲಿನ ವಿಧಿ. ಅನುದಾನವನ್ನು ಒಮ್ಮೆಗೆ ಐದು ವರ್ಷಗಳಿಗೆ ಕೊಡುವುದು ಅಲ್ಲಿನ ರೂಢಿ. ನಮ್ಮಲ್ಲಿಯೂ ಒಳ್ಳೆಯ ಸೂಚನೆಗಳಿಲ್ಲದಿಲ್ಲ. ಸರ್ಕಾರಿ ಶಾಲೆ ಕಾಲೇಜುಗಳಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿಗಳಂತೆ ಓದು ಮುಗಿಯುವವರೆಗೆ ಕೊಡುವ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನವು 2025ರಲ್ಲಿ ಕರ್ನಾಟಕಕ್ಕೂ ಬಂದಿತು. ಅಲ್ಲಿ ಹಣವು ನೇರವಾಗಿ ವಿದ್ಯಾರ್ಥಿನಿಯ ಖಾತೆಗೆ ಹೋಗುತ್ತದೆ, ವರ್ಷಕ್ಕೆ ನಿಂತುಹೋಗುವುದಿಲ್ಲ. ಈ ಎರಡೂ ಗುಣಗಳು ಅನುಕರಣೀಯ.

ಆಗಬೇಕಾದ ಕೆಲಸ

ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ರೇಷ್ಮೆ ಸಾಕಿದ ಯಾವ ರೈತನನ್ನು ಕೇಳಿದರೂ ಹೇಳುವನು: ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಹುಳು ತಿನ್ನುವ ಸೊಪ್ಪೇ ಅದರ ಆಯುಸ್ಸಿನ ಆಹಾರದ ಬಹುಪಾಲು. ಆ ವಾರದಲ್ಲಿ ಸೊಪ್ಪು ತಪ್ಪಿದರೆ ಅದುವರೆಗಿನ ಶ್ರಮವೆಲ್ಲ ವ್ಯರ್ಥ, ಗೂಡು ಕಟ್ಟುವುದಿಲ್ಲ. ಹತ್ತು ಹನ್ನೆರಡು ವರ್ಷ ಬಿಸಿಯೂಟ, ಸಮವಸ್ತ್ರ, ಪುಸ್ತಕಗಳನ್ನು ಕೊಟ್ಟು ಬೆಳೆಸಿದ ಮಗುವನ್ನು ಕಾಲೇಜಿನ ಹೊಸ್ತಿಲಲ್ಲಿ ಕೈಬಿಡುವುದು ಇಂಥ ಅವಿವೇಕವೇ.

ಆದ್ದರಿಂದ ಮೂರು ಸೂಚನೆಗಳನ್ನು ಮುಂದಿಡುತ್ತೇವೆ. ಮೊದಲನೆಯದಾಗಿ, ಈ ಭಾಗದ ಸರ್ಕಾರಿ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಒಂದೊಂದು ಗುಂಪಿಗೆ ಒಬ್ಬ ಮಾರ್ಗದರ್ಶಕನನ್ನು ಸಂಬಳ ಕೊಟ್ಟು ನೇಮಿಸಲು ಧನಸಹಾಯ ಸಲ್ಲಬೇಕು. ಪ್ರಮಾಣಪತ್ರಗಳ ತಪ್ಪನ್ನು ಫಲಿತಾಂಶ ಬರುವ ಒಂದು ವರ್ಷ ಮುಂಚೆಯೇ ತಿದ್ದಿಸುವುದು ಅವನ ಮೊದಲ ಕೆಲಸವಾಗಲಿ. ಎರಡನೆಯದಾಗಿ, ಶುಲ್ಕವನ್ನು ಮುಂಗಡವಾಗಿ ಕಟ್ಟಿ, ಸರ್ಕಾರದ ವಿದ್ಯಾರ್ಥಿವೇತನ ಬಂದ ಮೇಲೆ ಹಿಂದಕ್ಕೆ ಪಡೆಯುವ ಬಡ್ಡಿಯಿಲ್ಲದ ನಿಧಿಯೊಂದು ಏರ್ಪಡಲಿ. ಒಂದೇ ಹಣ ವರ್ಷ ವರ್ಷವೂ ಹೊಸ ಮಕ್ಕಳಿಗೆ ಒದಗುವುದರಿಂದ ಇದು ದಾನಿಗಳಿಗೆ ಹಗುರವಾದ ಭಾರ. ಮೂರನೆಯದಾಗಿ, ಯಾವ ಸಂಸ್ಥೆಯೇ ಆಗಲಿ, ಎಷ್ಟು ಮಕ್ಕಳು ಕಾಲೇಜು ಸೇರಿದರು, ಎಷ್ಟು ಮಕ್ಕಳು ಪದವಿಯನ್ನು ಮುಗಿಸಿದರು ಎಂಬ ಲೆಕ್ಕವನ್ನು ಪ್ರತಿವರ್ಷವೂ ಸಾರ್ವಜನಿಕರ ಮುಂದಿಡಲಿ. ಸೇರಿದವರ ಎಣಿಕೆ ಮಾತ್ರ ಸಾಲದು.

ಪದವೀಧರರಿಗೆ ಈಗಾಗಲೇ ಕೆಲಸವಿಲ್ಲ, ಇನ್ನಷ್ಟು ಮಂದಿಯನ್ನು ಕಾಲೇಜಿಗೆ ಕಳುಹಿಸುವುದೇಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಮ್ಮ ಮಕ್ಕಳ ವಿಷಯದಲ್ಲಿ ಅವರು ಕೇಳಿದ್ದನ್ನು ನಾವು ಕಂಡಿಲ್ಲ. ಇದೆಲ್ಲವೂ ಸರ್ಕಾರದ ಕರ್ತವ್ಯ, ನಮಗೇಕೆ ಎನ್ನುವವರೂ ಇದ್ದಾರೆ. ಸರ್ಕಾರದ ಕರ್ತವ್ಯವೆಂಬುದು ಸತ್ಯ. ಅದನ್ನು ಕೇಳಿ ಪಡೆಯುವ ಹಕ್ಕನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಆಜ್ಞೆ ಹೊರಟ ಕಚೇರಿಗೂ ಅರ್ಜಿ ಹಿಡಿದು ನಿಂತ ಮಗುವಿಗೂ ನಡುವೆ ಇರುವ ದಾರಿಯನ್ನು ನೆರೆಹೊರೆಯವರೇ ಸವೆಸಬೇಕು. ಕನಕಪುರ ರಸ್ತೆಯ ಬಡಾವಣೆಗಳಲ್ಲಿ ನೆಲಸಿರುವ ಅಧಿಕಾರಿಗಳೂ ನಿವೃತ್ತ ಉಪಾಧ್ಯಾಯರೂ ಕಂಪನಿಗಳ ನೌಕರರೂ ವಾರಕ್ಕೆ ಒಂದು ಸಂಜೆಯನ್ನು ಇದಕ್ಕೆ ಮೀಸಲಿಟ್ಟರೆ, ಕೊಟ್ಟ ಧನವು ಇಮ್ಮಡಿಯಾಗಿ ಫಲಿಸುವುದು. ಮುಂದಿನ ಬೇಸಗೆಯಲ್ಲಿ ಫಲಿತಾಂಶಗಳು ಹೊರಬೀಳುವ ಮುನ್ನವೇ ಈ ಏರ್ಪಾಡು ಆಗಬೇಕು. ಇದನ್ನು ಸಂಬಂಧಪಟ್ಟ ಅಧಿಕಾರಿಗಳೂ ದಾನಿಗಳೂ ಮನಗಾಣುವರೆಂದು ನಾವು ನಂಬುತ್ತೇವೆ.