ಗಣಿಯ ಹತಾರುಗಳೂ ಕೂಲಿಯವರ ಕೈಗಳೂ

ಸಂಡೂರಿನ ಬೆಟ್ಟಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಕುಮಾರಸ್ವಾಮಿಯ ದೇವಾಲಯವನ್ನೂ, ನಾರಿಹಳ್ಳವು ಬೆಟ್ಟವನ್ನು ಸೀಳಿಕೊಂಡು ಹರಿಯುವ ಭೀಮಗಂಡಿಯನ್ನೂ, ಮಳೆಗಾಲದ ಹಸುರನ್ನೂ ವರ್ಣಿಸುತ್ತಾರೆ. ಭೂವಿಜ್ಞಾನದ ಕಡೆ ಒಲವುಳ್ಳವರಾದರೆ ಬ್ರೂಸ್ ಫೂಟರ ಹೆಸರನ್ನೆತ್ತಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳ ಮಾತಿಗೆ ಬರುತ್ತಾರೆ. ಆ ಅದಿರನ್ನು ಒಡೆದು, ಆರಿಸಿ, ಬುಟ್ಟಿಗೆ ತುಂಬಿದ ಕೈಗಳ ಪ್ರಸ್ತಾಪ ಮಾತ್ರ ಅಪರೂಪ. ನಮ್ಮ ಸಹಪಾಠಿಗಳಲ್ಲಿ ಅನೇಕರ ಮನೆಗಳಲ್ಲಿ ಅಂಥ ಕೈಗಳಿವೆ. ಕಪ್ಪಾದ ಉಗುರು, ಮಡಿಸಲು ಬಾರದ ಬೆರಳು, ತುದಿ ಮೊಂಡಾದ ತೋರುಬೆರಳು ಇವನ್ನು ನೋಡಿ ನೋಡಿ ನಮಗೆ ಅಭ್ಯಾಸವಾಗಿಬಿಟ್ಟಿದೆ. ಇವು ಹೇಗೆ ಉಂಟಾಗುತ್ತವೆ, ಏಕೆ ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಗಣಿಯ ಅಪಾಯವೆಂದೊಡನೆ ಸಿಡಿಮದ್ದು, ಕುಸಿದ ಗುಡ್ಡ, ಉರುಳಿದ ಲಾರಿ ಕಣ್ಣಮುಂದೆ ಬರುತ್ತವೆ. ಇಂಥವು ಪತ್ರಿಕೆಯಲ್ಲಿ ಅಚ್ಚಾಗುತ್ತವೆ. ತನಿಖೆಗೆ ಅಧಿಕಾರಿಗಳು ಬರುತ್ತಾರೆ. ಸುತ್ತಿಗೆ, ಚಾಣ, ಹಾರೆ, ಪಿಕಾಸಿಗಳಿಂದಾಗುವ ಗಾಯಕ್ಕೆ ಆ ಗೌರವವಿಲ್ಲ. ಹರಕು ಬಟ್ಟೆಯನ್ನು ಸುತ್ತಿ ಗಂಟುಹಾಕಿದರೆ ಅದರ ಕಥೆ ಮುಗಿಯಿತು.

ಸಂಡೂರಿನಲ್ಲಿ ಕೈಕೆಲಸ ಬಹಳ ಕಾಲ ಉಳಿದುದಕ್ಕೆ ಇಲ್ಲಿಯ ಅದಿರಿನ ಸ್ವಭಾವವೂ ಒಂದು ಕಾರಣ. ಮ್ಯಾಂಗನೀಸ್ ಅದಿರು ಒಂದೇ ಸಮನಾದ ದಪ್ಪ ಪದರಗಳಲ್ಲಿ ದೊರೆಯುವುದಿಲ್ಲ. ಒಳ್ಳೆಯ ಅದಿರಿನ ಪಕ್ಕದಲ್ಲಿಯೇ ಕೆಲಸಕ್ಕೆ ಬಾರದ ಕಲ್ಲು, ಮಣ್ಣು ಅಂಟಿಕೊಂಡಿರುತ್ತವೆ. ಅದನ್ನು ಒಡೆದು, ಕಣ್ಣಳತೆಯಲ್ಲಿ ನೋಡಿ, ಕೈಯಿಂದ ಆರಿಸಿ ರಾಶಿ ಹಾಕಬೇಕಾಗುತ್ತದೆ. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾದ ಕಾಲಕ್ಕೂ, ಅದರ ಹಿಂದಿನ ಕಾಲಕ್ಕೂ, ದೇವಗಿರಿಯ ಕಡೆಯ ಗಣಿಗಳಲ್ಲಿ ಕೆಲಸವೆಂದರೆ ಮುಖ್ಯವಾಗಿ ಇದೇ. 1977ರಲ್ಲಿ ದೋಣಿಮಲೈಯ ಗಣಿ ಆರಂಭವಾದ ಮೇಲೆ ಕಬ್ಬಿಣದ ಅದಿರಿಗೆ ದೊಡ್ಡ ಯಂತ್ರಗಳು ಬಂದುವು. ಆದರೆ ಯಂತ್ರ ಬಂದೊಡನೆ ಸುತ್ತಿಗೆ ಮೂಲೆ ಸೇರಿತೆಂದು ತಿಳಿಯಬಾರದು. ಈ ಶತಮಾನದ ಮೊದಲ ದಶಕದಲ್ಲಿ ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ, ಪಟ್ಟಾ ಹೊಲಗಳ ಮೇಲ್ಮಣ್ಣನ್ನು ಕೆದಕಿ, ಸಿಕ್ಕ ಅದಿರುಗಲ್ಲನ್ನು ಕುಟ್ಟಿ ಮಾರುವ ಕೆಲಸದಲ್ಲಿ ಸಂಸಾರ ಸಂಸಾರಗಳೇ ತೊಡಗಿದುವು. ಮಕ್ಕಳ ಕೈಯಲ್ಲೂ ಸುತ್ತಿಗೆ ಕಾಣಿಸಿಕೊಂಡಿತು. ಅವರು ಯಾವ ಕಂಪೆನಿಯ ಹಾಜರಿ ಪುಸ್ತಕದಲ್ಲೂ ಇದ್ದವರಲ್ಲ. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಆ ಭರಾಟೆ ನಿಂತಿತು. ಕೈಗಳಲ್ಲಿ ಉಳಿದ ಕಲೆಗಳು ಹಾಗೆಯೇ ಉಳಿದುವು.

ಇಲ್ಲಿಯ ಕಲ್ಲಿನ ಗುಣವನ್ನೂ ಸ್ವಲ್ಪ ತಿಳಿಯಬೇಕು. ಸಾಮಾನ್ಯ ಕಣಶಿಲೆ ನೀರಿಗಿಂತ ಸುಮಾರು 2.7 ಪಾಲು ಭಾರ. ಒಳ್ಳೆಯ ಹೆಮಟೈಟ್ ಅದಿರಾದರೋ ಸುಮಾರು 5 ಪಾಲು. ಅಂದರೆ 15 ಕಿಲೋ ಜಲ್ಲಿ ಹಿಡಿಯುವ ಬುಟ್ಟಿಯಲ್ಲಿ ಅದೇ ಮಟ್ಟಕ್ಕೆ ಅದಿರು ತುಂಬಿದರೆ 27 ಕಿಲೋವಿನಷ್ಟಾಗುತ್ತದೆ. ನೋಡುವವನಿಗೆ ಬುಟ್ಟಿ ಒಂದೇ, ಹೊರುವವಳಿಗೆ ಎರಡರಷ್ಟು. ಮಧ್ಯಾಹ್ನದ ಹೊತ್ತಿಗೆ ಮುಂಗೈ ಸೋತು ಹಿಡಿತ ಸಡಿಲವಾಗುವುದು ಇದರಿಂದಲೇ. ಅದಿರಿನ ಜೊತೆಗೆ ಪಟ್ಟೆಪಟ್ಟೆಯಾಗಿ ಬರುವ ಬೆಣಚುಕಲ್ಲು ಉಕ್ಕಿನಷ್ಟೇ ಗಡಸು. ಅದು ಒಡೆಯುವಾಗ ಪುಡಿಯಾಗದೆ, ಗಾಜಿನಂತೆ ಅಲಗುಳ್ಳ ಚೂರುಗಳಾಗಿ ಸಿಡಿಯುತ್ತದೆ.

ಈಗ ಹತಾರುಗಳ ವಿಚಾರಕ್ಕೆ ಬರೋಣ. ನಾಲ್ಕು ಕಿಲೋ ತೂಕದ ಚಮ್ಮಟಿಗೆಯನ್ನು ತೋಳೆತ್ತಿ ಬೀಸಿದಾಗ ಅದು ಸೆಕೆಂಡಿಗೆ ಹತ್ತು ಮೀಟರು ವೇಗ ಪಡೆಯಿತೆಂದು ಇಟ್ಟುಕೊಳ್ಳಿ. ಭೌತವಿಜ್ಞಾನದ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: ಆ ಏಟಿನಲ್ಲಿರುವ ಶಕ್ತಿ, ಇಪ್ಪತ್ತು ಕಿಲೋ ಕಲ್ಲೊಂದು ಒಂದು ಮೀಟರು ಎತ್ತರದಿಂದ ಬಿದ್ದಂತೆ. ಅದು ಬೀಳುವ ಜಾಗದಿಂದ ನಾಲ್ಕು ಬೆರಳು ದೂರದಲ್ಲಿ ಇನ್ನೊಬ್ಬನ ಮುಷ್ಟಿ ಚಾಣವನ್ನು ಹಿಡಿದಿರುತ್ತದೆ. ಸಣ್ಣ ಸುತ್ತಿಗೆಯಿಂದ ಅದಿರು ಒಡೆಯುವವರ ಏಟನ್ನು ನಿಮಿಷಕ್ಕೆ 20ರಂತೆ ಹಿಡಿದರೂ ಆರು ಗಂಟೆಗೆ 7,200 ಏಟುಗಳಾದುವು. ಸಾವಿರಕ್ಕೊಂದು ತಪ್ಪಿದರೆ ದಿನಕ್ಕೆ ಏಳು. ಇಷ್ಟು ಕಡಮೆ ತಪ್ಪುವ ಕೈಯನ್ನು ಅಜಾಗರೂಕವೆಂದು ಯಾರು ಕರೆದಾರು? ಆದರೂ ಸುರಕ್ಷತೆಯ ಫಲಕಗಳಲ್ಲಿ ‘ಎಚ್ಚರಿಕೆಯಿಂದ ಕೆಲಸ ಮಾಡಿ’ ಎಂಬ ಉಪದೇಶವೇ ದೊಡ್ಡಕ್ಷರಗಳಲ್ಲಿರುತ್ತದೆ. ಈ ಉಪದೇಶ ಸುಳ್ಳಲ್ಲ. ಆದರೆ ತಪ್ಪೆಲ್ಲವೂ ಕೂಲಿಯವನದೇ ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಹತಾರನ್ನು ನೋಡಿದರೆ ಬೇರೆಯೇ ಸಂಗತಿ ತಿಳಿದುಬರುತ್ತದೆ.

ಚಾಣದ ಬಾಯಿಯನ್ನು ಕಮ್ಮಾರನು ಕಾಯಿಸಿ ಹದ ಹಾಕಿ ಗಡಸು ಮಾಡುತ್ತಾನೆ. ತಲೆಯನ್ನು ಬೇಕೆಂದೇ ಮೆತ್ತಗೆ ಬಿಡುತ್ತಾನೆ. ತಲೆಯೂ ಗಡಸಾದರೆ ಸುತ್ತಿಗೆಯ ಏಟಿಗೆ ಅದು ಸಿಡಿಯುತ್ತದೆ. ಮೆತ್ತಗಿನ ತಲೆ ಏಟು ತಿಂದು ತಿಂದು ಅಣಬೆಯಂತೆ ಸುತ್ತಲೂ ಹರಡಿಕೊಳ್ಳುತ್ತದೆ. ಆ ಅಂಚಿನಲ್ಲಿ ಬಿರುಕು ಬಿಟ್ಟ ಉಕ್ಕಿನ ಎಸಳುಗಳು ಮುಂದಿನ ಏಟಿಗಾಗಿಯೇ ಕಾದಿರುವಂತೆ ನಿಂತಿರುತ್ತವೆ. ಇದಕ್ಕೆ ಪರಿಹಾರ ಅತಿ ಸುಲಭ: ಅಣಬೆ ಮೂಡಿದೊಡನೆ ಸಾಣೆಗೆ ಹಿಡಿದು ಅಂಚನ್ನು ಇಳಿಸುವುದು, ಐದು ನಿಮಿಷದ ಕೆಲಸ. ಸುತ್ತಿಗೆಯ ಮೇಲೆ ಸುತ್ತಿಗೆಯಿಟ್ಟು ಬಡಿಯಬಾರದೆಂದು ಹಳೆಯ ಕಮ್ಮಾರರು ಹೇಳುವುದಕ್ಕೂ ಇದೇ ಕಾರಣ. ಎರಡರ ಮುಖವೂ ಗಡಸು, ಯಾವುದು ಸಿಡಿದೀತೆಂದು ಹೇಳಲಾಗದು.

ಕಾವಿನ ಕಥೆ ಇನ್ನೂ ಸ್ವಾರಸ್ಯವಾದುದು. ನಮ್ಮ ಕಾಡುಗಳ ದಿಂಡಿಗ, ದಡಸಲು ಮರಗಳು ಕಾವಿಗೆ ಹೆಸರಾದುವು. ಎಳೆ ನೇರ, ಏಟನ್ನು ತಡೆದು ಬಾಗಬಲ್ಲುವು. ಚೆನ್ನಾಗಿ ಒಣಗಿದ ಮರದಿಂದ ಮಾಡಿ, ಬೆಣೆ ಹೊಡೆದು ಕೂಡಿಸಿದ ಕಾವು ವರ್ಷಗಟ್ಟಲೆ ಬಾಳುತ್ತದೆ. ಆತುರದಲ್ಲಿ ಹಸಿ ಕೊಂಬೆಯನ್ನು ಕಡಿದು ಹಾಕಿದರೆ ಬಳ್ಳಾರಿ ಸೀಮೆಯ ಚೈತ್ರ ವೈಶಾಖಗಳ ಬಿಸಿಲಿಗೆ ಅದು ಸೊರಗಿ ಸಡಿಲವಾಗುತ್ತದೆ. ಆಗ ಎಲ್ಲರೂ ಮಾಡುವುದೇನು? ರಾತ್ರಿ ಸುತ್ತಿಗೆಯನ್ನು ನೀರಿನಲ್ಲಿ ಮುಳುಗಿಸಿಡುವುದು. ಬೆಳಗ್ಗೆ ಅದು ಬಿಗಿಯಾಗಿ ಕುಳಿತಿರುತ್ತದೆ. ಆದರೆ ನೀರು ಕುಡಿದು ಉಬ್ಬಿದ ಮರ ಕಬ್ಬಿಣದ ಕಣ್ಣಿನೊಳಗೆ ಜಾಗವಿಲ್ಲದೆ ತನ್ನ ಎಳೆಗಳನ್ನೇ ಅಮುಕಿಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮತ್ತೆ ಒಣಗಿದಾಗ ಮೊದಲಿಗಿಂತ ಹೆಚ್ಚು ಕುಗ್ಗುತ್ತದೆ. ಬೆಳಗ್ಗೆ ಪರೀಕ್ಷಿಸಿದವನಿಗೆ ಸರಿಯಾಗಿ ಕಂಡ ಸುತ್ತಿಗೆಯ ತಲೆ ಹಗಲು ಮೂರು ಗಂಟೆಗೆ ಹಾರಿ ಎದುರಿನವನ ಮೇಲೆ ಬೀಳುವುದು ಹೀಗೆ.

ಹಾರೆಯ ಗಾಯ ಬೇರೆ ಬಗೆ. ಬಂಡೆಯ ಸಂದಿಗೆ ಕೊಟ್ಟು ಮೀಟುವಾಗ ಬಂಡೆ ಹಠಾತ್ತನೆ ಜಾರಿದರೆ ಬೆರಳುಗಳು ಹಾರೆಗೂ ಕಲ್ಲಿಗೂ ನಡುವೆ ಸಿಕ್ಕುತ್ತವೆ. ಯಂತ್ರಗಳನ್ನು ಬಿಚ್ಚಿ ಜೋಡಿಸುವ ಫಿಟ್ಟರುಗಳಿಗೆ ಪಾನಾ ಶತ್ರು. ಬಾಯಿ ಸವೆದ ಪಾನಾಕ್ಕೆ ಉದ್ದದ ಪೈಪನ್ನು ತೊಡಿಸಿ ಜಗ್ಗಿದಾಗ ಅದು ನಟ್ಟಿನಿಂದ ಜಾರಿ ಗೆಣ್ಣುಗಳು ಜಜ್ಜಿಹೋಗುತ್ತವೆ.

ಸಾಣೆಗೆ ಐದು ನಿಮಿಷ, ಬೆಣೆಗೆ ಐದು ನಿಮಿಷ ಸಾಕಾದರೆ ಅವನ್ನೇಕೆ ಮಾಡುವುದಿಲ್ಲ? ಹತಾರು ಯಾರದು ಎಂಬುದರಲ್ಲಿ ಇದಕ್ಕೆ ಉತ್ತರವಿದೆ. ಗಣಿಯೇ ಹತಾರನ್ನು ಕೊಟ್ಟು, ತನ್ನದೇ ಕುಲುಮೆಯಲ್ಲಿ ಕಮ್ಮಾರನನ್ನಿಟ್ಟಿದ್ದರೆ, ಸಂಜೆ ಮರಳಿ ಒಪ್ಪಿಸಿದ ಚಾಣ ಮರುದಿನ ಹದವಾಗಿ ಕೈಗೆ ಬರುತ್ತದೆ. ಗುತ್ತಿಗೆದಾರನು ‘ನಿನ್ನ ಸುತ್ತಿಗೆ ನೀನೇ ತಾ, ಟನ್ನಿಗಿಷ್ಟು ಕೊಡುತ್ತೇನೆ’ ಎಂದಾಗ ಸಾಣೆಯ ಹಣವೂ ಕೂಲಿಯವನ ಕೈಯಿಂದ, ಕುಲುಮೆಯ ಮುಂದೆ ಕಾದ ಹೊತ್ತೂ ಅವನ ಕೂಲಿಯಿಂದಲೇ ಕಳೆದುಹೋಗುತ್ತದೆ. ಇನ್ನೊಂದು ವಾರ ನಡೆಯಲಿ ಎಂದು ಅವನು ಅದೇ ಚಾಣವನ್ನು ಹಿಡಿಯುವುದು ಮೂರ್ಖತನದಿಂದಲ್ಲ.

ಲೆಕ್ಕದಿಂದ ಈ ಗಾಯಗಳು ಜಾರಿಹೋಗುವುದಕ್ಕೂ ಇದೇ ಪದ್ಧತಿ ಕಾರಣ. 1952ರ ಗಣಿ ಕಾಯಿದೆಯು 24 ಗಂಟೆಗಿಂತ ಹೆಚ್ಚು ಕೆಲಸಕ್ಕೆ ಗೈರಾಗುವಂತೆ ಮಾಡಿದ ಗಾಯವನ್ನು ಪುಸ್ತಕದಲ್ಲಿ ಬರೆಯಬೇಕೆಂದಿತು. 72 ಗಂಟೆ ಅಥವಾ ಹೆಚ್ಚು ಗೈರಾದರೆ ಅದನ್ನು ವರದಿ ಮಾಡತಕ್ಕ ಗಾಯವೆಂದು ಕರೆಯಿತು. ಬೆರಳಿನ ಮೂಳೆ ಮುರಿದರೆ ಅದು ತೀವ್ರ ಗಾಯಗಳ ಸಾಲಿಗೇ ಸೇರುತ್ತಿತ್ತು. 1923ರ ಕೆಲಸಗಾರರ ಪರಿಹಾರ ಕಾಯಿದೆಯೂ, ಗಾಯದ ಅಶಕ್ತತೆ ಮೂರು ದಿನಗಳನ್ನು ಮೀರದಿದ್ದರೆ ಪರಿಹಾರದ ಹೊಣೆಯಿಲ್ಲವೆಂದು ಹೇಳಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಗಳು ಈ ಹಳೆಯ ಕಾಯಿದೆಗಳನ್ನು ತಮ್ಮೊಳಗೆ ಸೇರಿಸಿಕೊಂಡರೂ ಗೈರುಹಾಜರಿಯಿಂದ ಗಾಯವನ್ನು ಅಳೆಯುವ ಕ್ರಮವನ್ನು ಬಿಟ್ಟಿಲ್ಲ. ತಿಂಗಳ ಸಂಬಳದವನಿಗೆ ಈ ಅಳತೆ ಹೊಂದೀತು. ಟನ್ನಿನ ಲೆಕ್ಕದಲ್ಲಿ ಕೂಲಿ ಪಡೆಯುವವಳು ಜಜ್ಜಿದ ಬೆರಳಿಗೆ ಬಟ್ಟೆ ಸುತ್ತಿ ಮರುದಿನ ಬೆಳಗ್ಗೆಯೇ ಬರುತ್ತಾಳೆ. ಬಾರದಿದ್ದರೆ ಅಂದಿನ ಒಲೆ ಉರಿಯುವುದಿಲ್ಲ. ಆಕೆ ಬಂದಳು, ಆದುದರಿಂದ ಗಾಯವಾಗಲಿಲ್ಲ! ಮುರಿದ ಬೆರಳೂ ಕ್ಷಕಿರಣ ಚಿತ್ರ ತೆಗೆಸದೆ ಹೋದುದರಿಂದ ಬರಿಯ ಉಳುಕಾಗಿಬಿಡುತ್ತದೆ.

ಹೀಗೆ ಮರುದಿನವೇ ಕೆಲಸಕ್ಕೆ ಇಳಿಯುವುದರಿಂದ ವೈದ್ಯದ ದೃಷ್ಟಿಯಿಂದಲೂ ಕೇಡಿದೆ. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿ ಗಡಸು ಕವಚ ತೊಟ್ಟು ವರ್ಷಗಟ್ಟಲೆ ಬದುಕಿರುತ್ತವೆ. ಗಾಳಿಯಾಡದ, ಜಜ್ಜಿದ, ಮಣ್ಣು ಹೊಕ್ಕ ಗಾಯ ಅವಕ್ಕೆ ಅನುಕೂಲ. ಧಾರಾಳವಾಗಿ ಶುದ್ಧ ನೀರು ಸುರಿದು ತೊಳೆಯುವುದು, ಸುಣ್ಣ, ಕಾಫಿಪುಡಿ, ಮಣ್ಣು ಮೆತ್ತದಿರುವುದು, ಚುಚ್ಚುಮದ್ದು ಹಾಕಿಸುವುದು ಇಷ್ಟರಿಂದ ಪ್ರಾಣ ಉಳಿಯುತ್ತದೆ. ತುಂಡಾದ ಬೆರಳತುದಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. ಮಂಜುಗಡ್ಡೆ ನೇರವಾಗಿ ತಾಗಬಾರದು. ಇನ್ನು ಕಣ್ಣು. ಚಾಣದ ತಲೆಯಿಂದ ಸಿಡಿದ ಉಕ್ಕಿನ ಸಣ್ಣ ಚೂರು ಕಣ್ಣುಗುಡ್ಡೆಯೊಳಗೆ ಹೊಕ್ಕರೆ ಮೊದಲ ದಿನ ಹೆಚ್ಚು ನೋವೂ ಇಲ್ಲದಿರಬಹುದು. ಸೆರಗಿನ ತುದಿಯಿಂದ ಒರಸಿ ಮರೆತುಬಿಡುತ್ತಾರೆ. ಒಳಗೆ ಉಳಿದ ಕಬ್ಬಿಣ ತುಕ್ಕಾಗಿ ಕರಗುತ್ತ ತಿಂಗಳುಗಳ ಮೇಲೆ ದೃಷ್ಟಿಯನ್ನು ತಿಂದುಹಾಕುತ್ತದೆ. ಆದಕಾರಣ ಸುತ್ತಿಗೆಯ ಕೆಲಸದಲ್ಲಿ ಕಣ್ಣಿಗೆ ಏನಾದರೂ ಬಡಿದರೆ ಉಜ್ಜದೆ, ಒತ್ತದೆ, ಮರೆ ಕಟ್ಟಿ ಕಣ್ಣಿನ ವೈದ್ಯರಲ್ಲಿಗೆ ಒಯ್ಯುವುದು ಅವಶ್ಯ.

ಗಾಳಿಯೊತ್ತಡದ ಕೊರೆಯುವ ಯಂತ್ರ ಹಿಡಿಯುವವರಿಗೆ ರಕ್ತ ಸುರಿಯದ ಗಾಯವೊಂದುಂಟು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನ ಪ್ರಾಂತದ ಸುಣ್ಣಕಲ್ಲು ಕೆತ್ತುವವರಲ್ಲಿ ಚಳಿಗೆ ಬೆರಳು ಬಿಳಿಚಿ ಮರಗಟ್ಟುವುದನ್ನು ಕಂಡು, ಕಂಪಿಸುವ ಹತಾರೇ ಕಾರಣವೆಂದು ತೋರಿಸಿದರು. ನಮ್ಮ ಬಿಸಿಲುನಾಡಿನಲ್ಲಿ ಬಿಳಿಚುವುದು ಸುಲಭವಾಗಿ ಕಾಣದು. ಜೋಮು, ಹಿಡಿತ ತಪ್ಪುವುದು, ಗುಂಡಿ ಹಾಕಲಾಗದಿರುವುದು ಇಂಥ ಲಕ್ಷಣಗಳನ್ನು ಕೇಳಿಯೇ ತಿಳಿಯಬೇಕು. ರೋಗಿಯನ್ನು ‘ನಿನ್ನ ಕಸುಬು ಯಾವುದು?’ ಎಂದು ಕೇಳಬೇಕೆಂದು ಇಟಲಿಯ ರಾಮಾಜ್ಜಿನಿ 1700ರಲ್ಲಿಯೇ ವೈದ್ಯರಿಗೆ ಹೇಳಿಕೊಟ್ಟಿದ್ದನು.

ಆ ಪ್ರಶ್ನೆ ಪರಿಹಾರದ ವಿಚಾರಕ್ಕೂ ಬೇಕು. 1923ರ ಕಾಯಿದೆಯ ಪಟ್ಟಿಯಲ್ಲಿ ಒಂದೊಂದು ಬೆರಳಿಗೂ ಬೆಲೆ ಕಟ್ಟಲಾಗಿತ್ತು. ಸಂಪಾದನಾ ಶಕ್ತಿಯ ನಷ್ಟವೆಂದು ಹೆಬ್ಬೆರಳಿಗೆ ನೂರಕ್ಕೆ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೂ ಕಿರುಬೆರಳಿಗೂ 7. ಎಡಗೈ ಬಲಗೈಯೆಂಬ ಭೇದವಿಲ್ಲ. ಪಟ್ಟಿಯಲ್ಲಿಲ್ಲದ ಶಾಶ್ವತ ಗಾಯವಾದರೆ, ಉದಾಹರಣೆಗೆ ಬೆರಳು ಉಳಿದರೂ ಸ್ಪರ್ಶ ಹೋದರೆ, ನಷ್ಟವೆಷ್ಟೆಂದು ವೈದ್ಯರು ನಿರ್ಧರಿಸಬೇಕು. ಹಾಗೆ ನಿರ್ಧರಿಸುವಾಗ, ಗಾಯವಾದ ಹೊತ್ತಿನಲ್ಲಿ ಆ ವ್ಯಕ್ತಿ ಮಾಡಬಲ್ಲವನಾಗಿದ್ದ ಎಲ್ಲ ಕೆಲಸಗಳಲ್ಲಿಯೂ ಆದ ನಷ್ಟವನ್ನು ನೋಡಬೇಕೆಂದು ಕಾಯಿದೆಯ ಮಾತಿತ್ತು. ಸಂಡೂರಿನ ಸುತ್ತಿನ ತಾಂಡಾಗಳಲ್ಲಿ ಅದಿರು ಒಡೆದ ಕೈಗಳೇ ಕಸೂತಿಯ ಸೂಜಿಯನ್ನೂ ಹಿಡಿದಿವೆ. 2010ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಸಂಡೂರು ಲಂಬಾಣಿ ಕಸೂತಿಗೆ ಬೇಕಾದುದು ತೋಳಿನ ಬಲವಲ್ಲ, ಎಳೆ ಎಣಿಸಬಲ್ಲ ಬೆರಳತುದಿ. ವೈದ್ಯರ ಪ್ರಮಾಣಪತ್ರದಲ್ಲಿ ಕಸುಬು ಎಂಬ ಕಡೆ ‘ಕೂಲಿ’ ಎಂದಷ್ಟೇ ಬರೆದರೆ ಸುತ್ತಿಗೆ ಹಿಡಿಯುವ ಶಕ್ತಿ ಎಷ್ಟು ಕಡಮೆಯಾಯಿತೆಂಬುದು ಮಾತ್ರ ಲೆಕ್ಕಕ್ಕೆ ಬರುತ್ತದೆ. ‘ಗಣಿ ಕೂಲಿ ಮತ್ತು ಕಸೂತಿ’ ಎಂದು ಬರೆಸಿದರೆ ಸೂಜಿಯೂ ಲೆಕ್ಕಕ್ಕೆ ಬರುತ್ತದೆ.