ಗಣಿ ಕಾರ್ಮಿಕರಿಗೆ ಹೇಳದೆ ಉಳಿಸಿದ ಮಾತು

1984ರ ಡಿಸೆಂಬರ್. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಮೆರಿಕ್ ಅಣುವಿದ್ಯುತ್ ಸ್ಥಾವರ ಕಟ್ಟುವ ಕೆಲಸದಲ್ಲಿದ್ದ ಎಂಜಿನಿಯರ್ ಸ್ಟಾನ್ಲಿ ವಾಟ್ರಸ್ ವಿಕಿರಣ ಪತ್ತೆ ಯಂತ್ರವನ್ನು ಹಾದುಹೋದರೆ ಸಾಕು, ಅದು ಕೂಗಿಕೊಳ್ಳುತ್ತಿತ್ತು. ಸ್ಥಾವರವಿನ್ನೂ ವಿದ್ಯುತ್ ಉತ್ಪಾದನೆ ಶುರುಮಾಡಿರಲಿಲ್ಲ. ಮೂಲ ಹುಡುಕುತ್ತ ಹೋದವರು ಮುಟ್ಟಿದ್ದು ವಾಟ್ರಸ್ ಅವರ ಮನೆಯನ್ನು. ಅಲ್ಲಿ ಒಂದು ಲೀಟರ್ ಗಾಳಿಗೆ ಸುಮಾರು 2,700 ಪಿಕೊಕ್ಯೂರಿ ರೇಡಾನ್ ಇತ್ತು! ಮುಂದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಇಷ್ಟು ಮುಟ್ಟಿದರೆ ಮನೆ ದುರಸ್ತಿ ಮಾಡಿಸಿ ಎಂದು ಗೊತ್ತುಮಾಡಿದ ಮಟ್ಟ ಬರೀ 4.

ಮನೆ ನಿಂತಿದ್ದು ಯುರೇನಿಯಂ ಇರುವ ಬಂಡೆಯ ಮೇಲೆ. ಯುರೇನಿಯಂ ಕ್ಷಯಿಸುತ್ತ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುತ್ತದೆ. ಬಣ್ಣ, ವಾಸನೆ ಏನೂ ಇಲ್ಲ. ನೆಲದ ಬಿರುಕುಗಳಿಂದ ಒಳಬಂದು, ಚಳಿಗೆ ಮುಚ್ಚಿದ ಮನೆಯಲ್ಲಿ ತುಂಬಿಕೊಳ್ಳುತ್ತದೆ. 3.8 ದಿನಗಳಲ್ಲಿ ಅರ್ಧದಷ್ಟು ಪೊಲೋನಿಯಂನಂಥ ಘನ ಕಣಗಳಾಗುತ್ತದೆ. ಅವು ಧೂಳಿಗಂಟಿ ಶ್ವಾಸಕೋಶ ಸೇರಿ, ಆಲ್ಫಾ ಕಣ ಸಿಡಿಸಿ ಜೀವಕೋಶಗಳನ್ನು ಕೆಡಿಸುತ್ತವೆ. ನೆಲದಡಿಗೆ ಕೊಳವೆ ಇಳಿಸಿ, ಫ್ಯಾನ್ ಇಟ್ಟು ಆ ಗಾಳಿಯನ್ನು ಹೊರಕ್ಕೆಳೆದರೆ ಮನೆ ವಾಸಯೋಗ್ಯ. ಬೇರೆಡೆಗೆ ಹೋಗಿದ್ದ ವಾಟ್ರಸ್ ಕುಟುಂಬ 1985ರಲ್ಲೇ ವಾಪಸಾಯಿತು.

ನನಗೆ ಸಂಕಟವಾಗುವುದು ಇಲ್ಲಿ. ಇದೇ ಅನಿಲ ಗಣಿಗಳಲ್ಲಿ ಶತಮಾನಗಳಿಂದ ಜನರನ್ನು ಕೊಲ್ಲುತ್ತಿತ್ತು. ಕಾರ್ಪೇಥಿಯನ್ ಗಣಿಯೂರುಗಳಲ್ಲಿ ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದಾರೆ ಎಂದು ಅಗ್ರಿಕೋಲಾ 1556ರಲ್ಲೇ ಹೊರಬಂದ ತನ್ನ ಗಣಿಗಾರಿಕೆಯ ಪುಸ್ತಕದಲ್ಲಿ ಬರೆದಿದ್ದ. ಅವನು ದೂರಿದ್ದು ಧೂಳನ್ನು. ಜರ್ಮನಿಯ ಷ್ನೀಬರ್ಗ್ ಗಣಿ ಕಾರ್ಮಿಕರ ಎದೆಯಲ್ಲಿರುವುದು ಮಾರಕ ಗೆಡ್ಡೆ ಎಂದು ವೈದ್ಯರಾದ ಹಾರ್ಟಿಂಗ್ ಮತ್ತು ಹೆಸ್ಸೆ 1879ರಲ್ಲಿ ತೋರಿಸಿದರು.

ಅಷ್ಟೆಲ್ಲ ಗೊತ್ತಿದ್ದೂ ಅಮೆರಿಕ ಬಾಂಬಿಗಾಗಿ ಕೊಲೊರಾಡೊ ಪ್ರಸ್ಥಭೂಮಿಯಲ್ಲಿ ಯುರೇನಿಯಂ ಅಗೆಸಿತು. ಕೆಳಗಿಳಿದವರಲ್ಲಿ ನವಾಹೋ ಬುಡಕಟ್ಟಿನ ಜನ ಬಹಳ. ಸಾರ್ವಜನಿಕ ಆರೋಗ್ಯ ಸೇವೆಯ ಡಂಕನ್ ಹಾಲಡೇ ಗಣಿಗಳ ಗಾಳಿ ಅಳೆದು, ಫ್ಯಾನ್ ಹಾಕಿಸಿ ಎಂದು 1950ರ ದಶಕದ ಉದ್ದಕ್ಕೂ ಒತ್ತಾಯಿಸಿದರು. ಗಣಿಯೊಳಗೆ ಬಿಡಬೇಕಾದರೆ ಕಾರ್ಮಿಕರನ್ನು ಗಾಬರಿಪಡಿಸಕೂಡದು ಎಂಬ ಗಣಿ ಕಂಪನಿಗಳ ಷರತ್ತಿಗೆ ಆರೋಗ್ಯ ಸೇವೆ ಒಪ್ಪಿತ್ತು. ವೈದ್ಯರು ತಪಾಸಣೆ ಮಾಡಿದರು, ಪಟ್ಟಿ ಬರೆದರು, ಏಕೆಂದು ಹೇಳಲಿಲ್ಲ. ಇದನ್ನು ಸಂಶೋಧನೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಗಣಿ ಗಾಳಿಯ ವಿಕಿರಣಕ್ಕೆ ಅಮೆರಿಕದ ಕೇಂದ್ರ ಸರ್ಕಾರ ಮಿತಿ ಹಾಕಿದ್ದು 1967ರಲ್ಲಿ. ಪರಿಹಾರದ ಕಾನೂನು ಬಂದದ್ದು 1990ರಲ್ಲಿ. ಅಷ್ಟರಲ್ಲಿ ಅನೇಕ ಮನೆಗಳಲ್ಲಿ ಅರ್ಜಿ ಹಾಕಲು ವಿಧವೆಯರಷ್ಟೇ ಉಳಿದಿದ್ದರು.

ಮನೆಗಳ ವಿಷಯದಲ್ಲಿ ಕೆಲಸ ಬೇಗ ನಡೆಯಿತು. ಎಲ್ಲರೂ ಮನೆ ಪರೀಕ್ಷಿಸಿಕೊಳ್ಳಿ ಎಂಬ ಸಲಹೆ 1988ಕ್ಕೇ ಹೊರಟಿತು. ಯುರೋಪಿನ 13 ಅಧ್ಯಯನಗಳನ್ನು ಒಟ್ಟುಗೂಡಿಸಿ ಸಾರಾ ಡಾರ್ಬಿ ತಂಡ 2005ರಲ್ಲಿ ಲೆಕ್ಕ ಕೊಟ್ಟಿತು: ಘನಮೀಟರ್ ಗಾಳಿಗೆ ರೇಡಾನ್ 100 ಬೆಕೆರೆಲ್ (ವಿಕಿರಣದ ಇನ್ನೊಂದು ಅಳತೆ) ಹೆಚ್ಚಿದಂತೆ ಶ್ವಾಸಕೋಶ ಕ್ಯಾನ್ಸರ್ ಅಪಾಯ ಸುಮಾರು ಶೇ 16ರಷ್ಟು ಏರುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಮೊದಲೇ ಅಪಾಯ ಹೆಚ್ಚಾದ್ದರಿಂದ ಅವರಿಗೆ ಬೀಳುವ ಪೆಟ್ಟು ದೊಡ್ಡದು.

ನಮ್ಮಲ್ಲೂ ಅಳತೆ ನಡೆದಿದೆ. ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು ಮೈಸೂರಿನ ಮನೆಗಳಲ್ಲಿ ರೇಡಾನ್ ಅಳೆದಿದ್ದಾರೆ. ಇದಕ್ಕೆ ಬಳಸುವ ಸಾಧನ ಒಂದು ಸಣ್ಣ ಪ್ಲಾಸ್ಟಿಕ್ ಫಿಲ್ಮ್ ತುಂಡು. ಸುಮಾರು ಮೂರು ತಿಂಗಳು ಕೋಣೆಯಲ್ಲಿ ತೂಗುಹಾಕಿ, ಆಮೇಲೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದರೆ ಆಲ್ಫಾ ಕಣ ಕೊರೆದ ಗುರುತುಗಳು ಎದ್ದು ಕಾಣುತ್ತವೆ, ಎಣಿಸಬಹುದು. ಕಿಟಕಿ ತೆರೆದ ಕೋಣೆಗಿಂತ ಮುಚ್ಚಿದ ಕೋಣೆಯಲ್ಲಿ ಎಣಿಕೆ ಹೆಚ್ಚು. ಗ್ರಾನೈಟಿನಲ್ಲೂ ಅಷ್ಟಿಷ್ಟು ಯುರೇನಿಯಂ ಇರುತ್ತದೆ. ಈಗ ನಾವು ಆ ಕಲ್ಲನ್ನೇ ನೆಲಕ್ಕೆ ಹಾಸಿ, ಏಸಿಗಾಗಿ ಕಿಟಕಿ ಮುಚ್ಚಿ ಮಲಗುತ್ತಿದ್ದೇವೆ.